ಗಾಜಿನ ಮೇಲೆ ಉಳಿದ ಕುಂಕುಮ

"ಅಣ್ಣಾರ, ಮನ್ಯಾಗ ಇರೋ ದೇವ್ರ ಫೋಟೊ ಅದ ಏನ್ರಿ?"

ಜಹೀರಾಬಾದಿನ ಬಸ್ ಸ್ಟ್ಯಾಂಡಿನ ಹಿಂದಿದ್ದ ನನ್ನ ಅಂಗಡಿಗೆ ಬಂದು ಬೀರಮ್ಮ ಹೀಗೆ ಕೇಳಿದಾಗ ನನಗೆ ನಗು ಬಂತು. "ಮೊಳಿ ಹೊಡದು ತೂಗಹಾಕಿದ್ರ ಎಲ್ಲಾ ದೇವ್ರೂ ಮನ್ಯಾಗೇ ಇರ್ತಾವ ತಂಗಿ" ಅಂದೆ. ಆಕೆ ನಗಲಿಲ್ಲ. ಸೆರಗಿನಲ್ಲಿ ಸುತ್ತಿ ತಂದಿದ್ದ ಒಂದು ಹಳೆಯ ಫೋಟೊವನ್ನು ಮೇಜಿನ ಮೇಲೆ ಬೋರಲು ಇಟ್ಟಳು.

"ಗ್ವಾಡಿ ಮಾತಲ್ರಿ. ಹೆಂಡ್ತಿನ್ನ ಬಿಟ್ಟು ಎಲ್ಲೂ ಹೋಗಲಾರದ ದೇವ್ರು ಬೇಕು. ಇಬ್ಬರೂ ಕೂಡಿ ಒಂದೇ ಮನ್ಯಾಗ ಬಾಳೇವು ಮಾಡಿರಬೇಕು. ಅಂಥಾದ್ದು ಇದ್ರ ತೆಗೀರಿ, ಇದನ್ನ ಇಟ್ಕೊಳ್ರಿ."

ನಾನು ಫೋಟೊ ಕಟ್ಟುವವನು, ಅಂದರೆ ಫೋಟೊಗೆ ಗಾಜು ಕೂಡಿಸಿ ಚೌಕಟ್ಟು ಹಾಕುವವನು. ಹರೆಯದಿಂದ ಕಣ್ಣು ಮಂಜಾಗುವವರೆಗೂ ಅದೇ ಕೆಲಸ ಮಾಡಿದೆ. ಈಗ ಅಂಗಡಿ ಮುಚ್ಚಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಇಳಿಯುವವರು ಮನೆಗೆ ಬಂದು ಕಟ್ಟು ಕೊಯ್ಯುವ ಯಂತ್ರ ಯಾವುದು ಒಳ್ಳೆಯದು, ದೀಪ ಉರಿಯುವ ಫ್ರೇಮು ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ಅದೆಲ್ಲ ಅವರ ಮೊಬೈಲಿನಲ್ಲೇ ಇದೆ, ನನ್ನನ್ನು ಕೇಳಬೇಕಾಗಿಲ್ಲ. ಮೊಬೈಲು ಹೇಳಲಾರದ್ದು ಬೇರೆ ಇದೆ. ಅದನ್ನು ಹೇಳಬೇಕೆಂದರೆ ನನಗೆ ಮೊದಲು ನೆನಪಾಗುವವಳು ಈ ಬೀರಮ್ಮನೇ. ಆಕೆ ಕೇಳಿದ ಪ್ರಶ್ನೆಯನ್ನು ಅಷ್ಟು ವರ್ಷ ದೇವರ ನಡುವೆ ಕುಳಿತ ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಕೆಲಸ ಕಲಿತದ್ದು ನಾರಾಯಣಖೇಡದಲ್ಲಿ, ಗಫೂರ್ ಉಸ್ತಾದರ ಕೈಕೆಳಗೆ. ಐದು ಹೊತ್ತು ನಮಾಜು ಮಾಡುವ ಮನುಷ್ಯ, ದಿನವಿಡೀ ರಾಮ, ಈಶ್ವರ, ಲಕ್ಷ್ಮಿಯರನ್ನು ಕಟ್ಟುತ್ತಿದ್ದರು. ಬೈಗುಳ ಧಾರಾಳ, ಹೊಗಳಿಕೆ ಇಲ್ಲವೇ ಇಲ್ಲ. ಫೋಟೊ ಕಟ್ಟಿಗಿಂತ ದೊಡ್ಡದಾಗಿದ್ದರೆ ನಾವು ಬ್ಲೇಡು ಹುಡುಕುತ್ತಿದ್ದೆವು. "ದೇವ್ರಿಗೆ ಬ್ಲೇಡ್ ನಕ್ಕೊ ಮಿಯಾ, ಅಂಚು ಮಡಚು" ಎಂದು ಕೈಮೇಲೆ ಹೊಡೆಯುತ್ತಿದ್ದರು. ಆಗ ಗೋಧಿ ಹಿಟ್ಟಿನ ಅಂಟಿಗೆ ಹುಳ ಬೀಳದಂತೆ ಮೈಲುತುತ್ತ ಕಲಸುತ್ತಿದ್ದೆವು, ಕಟ್ಟಿಗೆಯನ್ನು ಕೈಗರಗಸದಿಂದ ಕೊಯ್ಯುತ್ತಿದ್ದೆವು. ಮೂಲೆ ಕೂಡದಿದ್ದರೆ ಉಸ್ತಾದರು ಇಡೀ ಚೌಕಟ್ಟನ್ನೇ ಮುರಿದು ಒಲೆಗೆ ಹಾಕುತ್ತಿದ್ದರು.

ಅವರು ಕಲಿಸಿದ ದೊಡ್ಡ ವಿದ್ಯೆ ಎಂದರೆ ಗಾಜು ನೋಡುವುದು. ನಮ್ಮ ಕಡೆ ಪೂಜೆಯ ಹೊತ್ತಿಗೆ ಫೋಟೊದ ಗಾಜಿನ ಮೇಲೆಯೇ ದೇವರ ಹಣೆಗೆ ಕುಂಕುಮ ಹಚ್ಚುತ್ತಾರೆ. ಹಬ್ಬಕ್ಕೊಮ್ಮೆ ಒರೆಸಿದರೂ ಅದರ ಬಣ್ಣ ಸ್ವಲ್ಪ ಉಳಿದೇ ಉಳಿಯುತ್ತದೆ. ಹೆಂಗಸರು ಉಂಗುರದ ಬೆರಳಿನಿಂದ ಇಟ್ಟದ್ದು ಸಣ್ಣಗೆ ದುಂಡಗಿರುತ್ತದೆ. ನಮ್ಮಂಥ ಲಿಂಗವಂತರ ಮನೆಯದಾದರೆ ಮೂರು ಬೆರಳಿನ ವಿಭೂತಿ. ಕುರಿ ಕಾಯುವವರ ಮನೆಯದಾದರೆ ಗಂಡಸರು ಹೆಬ್ಬೆರಳಿನಿಂದ ಒತ್ತಿದ ಭಂಡಾರ, ಅಂದರೆ ಅವರ ದೇವರು ಮಲ್ಲಣ್ಣನ ಅರಿಸಿನ ಪುಡಿ. ಯಾರ ಮನೆಯಲ್ಲಿ ಯಾರು ಪೂಜೆ ಬಿಟ್ಟಿದ್ದಾರೆ, ಯಾರು ಹೊಸದಾಗಿ ಹಿಡಿದಿದ್ದಾರೆ ಎಂಬುದೆಲ್ಲ ಅದರಲ್ಲಿ ಕಾಣುತ್ತದೆ. "ಒರಸೋಕ್ಕಿಂತ ಮೊದ್ಲು ನೋಡು, ನೋಡಿದ್ದು ಅಂಗಡ್ಯಾಗ ಬಿಟ್ಟು ಶಟರ್ ಎಳಿ" ಎಂಬುದು ಉಸ್ತಾದರ ಕಟ್ಟಳೆ. ಪೂಜೆ ಕಂಡ ಗಾಜನ್ನು ಕಸಕ್ಕೆ ಹಾಕಬಾರದು ಎಂಬುದು ಇನ್ನೊಂದು. ಬದಲಿಸಿದ ಗಾಜನ್ನು ತೊಳೆಯದೆ ಅಟ್ಟದ ಮೇಲೆ ನಿಲ್ಲಿಸಿಡುವುದು, ಫೋಟೊದ ಧಣಿ ಕೇಳಿದರೆ ಕೊಡುವುದು, ಕೇಳದಿದ್ದರೆ ಹೊಳೆಗೆ ಬಿಡುವುದು. ಈಗಿನವರು ಇದಕ್ಕೆ ನಗುತ್ತಾರೆ. ನಗಲಿ, ನಾನು ಮಾತ್ರ ಕೊನೆಯ ದಿನದವರೆಗೂ ಹಾಗೆಯೇ ನಡೆದುಕೊಂಡೆ.

ಬೀರಮ್ಮನ ಫೋಟೊವನ್ನು ಮೊಗಚಿ ನೋಡಿದೆ. ನಡುವೆ ಮಲ್ಲಣ್ಣ, ಆಚೆ ಈಚೆ ಇಬ್ಬರು ಹೆಂಡಿರು. ಮೇಡಲಮ್ಮ ನಮ್ಮ ಲಿಂಗವಂತ ಸಾವುಕಾರರ ಮಗಳು, ಕೇತಮ್ಮ ಕುರಿಯವರ ಮಗಳು. ಮೇಡಲಮ್ಮನನ್ನು ಮದುವೆಯಾಗಿ ಮನೆಯಲ್ಲಿಟ್ಟು, ಆಮೇಲೆ ಕುರಿ ಹಿಂಡಿನ ಹಿಂದೆ ಅಡವಿಗೆ ಹೋದ ಮಲ್ಲಣ್ಣ ಅಲ್ಲಿ ಕೇತಮ್ಮನಿಗೆ ಮನಸೋತ ಎಂದು ನಮ್ಮ ಸೀಮೆಯ ಕತೆ. ಗಾಜಿನ ಮೇಲೆ ಮಲ್ಲಣ್ಣನ ಹಣೆಯ ಭಂಡಾರ ಮಾಸಿ ಹೋಗಿತ್ತು. ಅದನ್ನು ಒತ್ತುವ ಹೆಬ್ಬೆರಳು ಬಹಳ ತಿಂಗಳಿಂದ ಮನೆಯಲ್ಲಿಲ್ಲ ಎಂದು ತಿಳಿಯಿತು. ಕೇತಮ್ಮನ ಹಣೆಯಲ್ಲಿ ಕುಂಕುಮ ಪದರು ಪದರಾಗಿ ಕೂತಿತ್ತು. ಮೇಡಲಮ್ಮನ ಹಣೆ ಮಾತ್ರ ಹೊಸ ಗಾಜಿನ ಹಾಗೆ ಬರಿದು.

ಸುಮ್ಮನಿರಬೇಕಿತ್ತು. ಬಾಯಿ ಕೇಳಬೇಕಲ್ಲ. "ಈಕಿಗಿ ಯಾಕ ಒಂದು ದಿನಾನೂ ಹಚ್ಚಿಲ್ಲ ತಂಗಿ?" ಅಂದೆ.

"ಆಕಿ ನಿಮ್ಮಾಕಿ. ನೀವೇ ಹಚ್ರಿ" ಅಂದಳು.

ಆಗ ನಾನು ಒಳಗಿನಿಂದ ಒಂದೊಂದೇ ಜೋಡಿಯನ್ನು ತೆಗೆದು ಆಕೆಯ ಮುಂದೆ ಇಡುತ್ತ ಹೋದೆ. ಮೊದಲು ಸೀತಾರಾಮ. ಮದುವೆಗೆ ಆಯೇರಿ, ಅಂದರೆ ಉಡುಗೊರೆ, ಮಾಡುವವರು ಹೆಚ್ಚಾಗಿ ಒಯ್ಯುವುದು ಅದನ್ನೇ. ಒಮ್ಮೆ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಆಯೇರಿ ಬಂದ ಆ ಫೋಟೊ ತಂದು, ಲಕ್ಷ್ಮಣನನ್ನು ಕತ್ತರಿಸಿ ಬಿಗಿಯಾಗಿ ಕಟ್ಟಿಕೊಡಿ ಎಂದಿದ್ದಳು. ಮನೆಯಲ್ಲಿ ಮೈದುನನ ಕಾಟ ಇರಬೇಕು. ದೇವರಿಗೆ ಬ್ಲೇಡು ಹಾಕುವುದಿಲ್ಲ, ಬೇಕಾದರೆ ಲಕ್ಷ್ಮಣನ ಮಗ್ಗುಲು ಹಿಂದಕ್ಕೆ ಮಡಚುತ್ತೇನೆ ಎಂದೆ. ಮಡಚಿ ಕೊಟ್ಟೆ. ದೀಪಾವಳಿ ಕಳೆದ ಮೇಲೆ ಆಕೆಯೇ ಬಂದು ಮಡಿಕೆ ಬಿಚ್ಚಿಸಿಕೊಂಡು ಹೋದಳು. ಜ್ವರ ಬಂದಾಗ ದವಾಖಾನೆಗೆ ಕರೆದೊಯ್ದವನು ಮೈದುನನೇ ಅಂತೆ. ಮಡಿಕೆಯ ಗೆರೆ ಮಾತ್ರ ಲಕ್ಷ್ಮಣನ ಭುಜದ ಮೇಲೆ ಉಳಿಯಿತು.

ಈ ಕತೆ ಹೇಳಿದರೂ ಬೀರಮ್ಮ ಜಗ್ಗಲಿಲ್ಲ. "ಈತ ಬಸುರಿನ್ನ ಅಡವಿಗಿ ಕಳಿಸ್ಯಾನ. ಒಲ್ಲೆ."

ಲಕ್ಷ್ಮೀನಾರಾಯಣ ತೆಗೆದೆ. ಹಾವಿನ ಹಾಸಿಗೆ, ಪಾದದ ಬಳಿ ಲಕ್ಷ್ಮಿ. "ಇಂವ ಮನ್ಯಾಗ ಇದ್ದಾನ ಖರೆ. ಆದ್ರ ಎದ್ದಾನೇನ್ರಿ?" ಅಂದಳು. ಶಿವಪಾರ್ವತಿ ತೋರಿಸಿದೆ. "ತಪಕ್ಕ ಕುಂತ್ರ ಯಾವಾಗ ಏಳ್ತಾನೋ ಏನೋ. ಮ್ಯಾಲ ತಲಿಮ್ಯಾಗ ಇನ್ನೊಬ್ಬಾಕಿ." ನಾನು ಹಟ ಬಿಡದೆ ಅರ್ಧನಾರೀಶ್ವರನನ್ನು ಹುಡುಕಿ ತೆಗೆದೆ. ಇಬ್ಬರೂ ಒಂದೇ ಮೈಯಲ್ಲಿ ಇದ್ದಾರೆ, ಇನ್ನೆಲ್ಲಿ ಹೋಗುತ್ತಾರೆ ಎಂದು ಗೆದ್ದವನಂತೆ ನಿಂತೆ. ಆಕೆ ಬಹಳ ಹೊತ್ತು ನೋಡಿದಳು.

"ಇಷ್ಟು ಹತ್ರ ಇದ್ರ ಊಟಕ್ಕ ಬಾ ಅಂತ ಕರೆಯೋದು ಯಾರನ್ರೀ?"

ಅದನ್ನೂ ಒಳಗಿಟ್ಟೆ. ವೆಂಕಟೇಶ್ವರನನ್ನು ತೆಗೆದೆ. ಅವನ ಸಂಗತಿ ನನಗೆ ತಿಳಿದದ್ದು ತಾಂಡೂರಿನಲ್ಲಿ. ತಾಂಡೂರು ನನ್ನ ಹೆಂಡತಿ ನೀಲಮ್ಮನ ತವರು. ಅಲ್ಲಿ ಹಾಸುಗಲ್ಲಿನ ವ್ಯಾಪಾರದವರೊಬ್ಬರು ಹೊಸ ಮನೆ ಕಟ್ಟಿಸಿ ಆಳೆತ್ತರದ ವೆಂಕಟೇಶ್ವರನನ್ನು ಕಟ್ಟಿಸಿದರು. ತೂಗುಹಾಕಲು ಹೋದರೆ ಮನೆಯಾಕೆ ತಡೆದಳು. ತೆಲುಗು, ಕನ್ನಡ ಎರಡನ್ನೂ ಕಲಸಿ ಮಾತಾಡುವ ಹೆಂಗಸು. ದೇವರನ್ನು ಮಹಡಿಯ ಮೇಲೆ ಹಾಕಿ, ಪದ್ಮಾವತಮ್ಮನ ಬೇರೆ ಫೋಟೊ ತಂದು ಕೆಳಗೆ ಮೆಟ್ಟಿಲ ಬುಡದಲ್ಲಿ ಹಾಕಿ ಎಂದಳು. ಯಾಕೆಂದು ಕೇಳಿದರೆ, ಅಮ್ಮ ಇರುವುದು ಬೆಟ್ಟದ ಕೆಳಗೆ, ಸ್ವಾಮಿ ದಿನಾ ಇಳಿದು ಬಂದು ಆಕೆಯನ್ನು ಕಂಡು ಮತ್ತೆ ಹತ್ತಿ ಹೋಗುತ್ತಾನೆ, ಅದಕ್ಕೇ ಅವನ ಚಪ್ಪಲಿ ಸವೆಯುತ್ತವೆ, ಭಕ್ತರು ಹೊಸ ಜೋಡು ಮಾಡಿಸಿ ಒಪ್ಪಿಸುತ್ತಾರೆ ಎಂದಳು. ಆಮೇಲೆ ದನಿ ತಗ್ಗಿಸಿ, "ನಮ್ಮವರು ಮ್ಯಾಲೇ ವ್ಯಾಪಾರದ ಫೋನ್ ಮಾಡ್ಕೊಂತ ಅಲ್ಲೇ ಮಲಗ್ತಾರ. ದೇವರೇ ಇಳದು ಬರ್ತಾನ, ಇವರಿಗೇನಾಗ್ಯದ? ಹತ್ತೋವಾಗ ಇಳಿಯೋವಾಗ ಕಣ್ಣಿಗಿ ಬೀಳಲಿ ಅಂತ" ಎಂದಳು. ಆ ಮನುಷ್ಯ ಇಳಿದು ಬಂದನೋ ಇಲ್ಲವೋ ನಾನು ಕೇಳಲಿಲ್ಲ. ಕೇಳಬೇಕೆಂಬ ಆಸೆ ಈಗಲೂ ಇದೆ.

"ಅಂವ ದಿನಾ ಇಳದು ಬರ್ತಾನಲ್ರಿ" ಅಂದಳು ನನ್ನಿಂದ ಇದನ್ನೆಲ್ಲ ಕೇಳಿದ ಬೀರಮ್ಮ. ದನಿ ಸ್ವಲ್ಪ ಮೆತ್ತಗಾಗಿತ್ತು. ನಾನು ಉಳಿದ ಒಂದೇ ಜೋಡಿ, ವಿಠಲ ರುಕ್ಮಿಣಿಯರನ್ನು ತೆಗೆದೆ. ಉಸ್ತಾದರ ಅಂಗಡಿಯಲ್ಲಿ ನಾನು ಮಾಡಿದ ಮೊದಲ ಯಡವಟ್ಟೂ ಇದೇ ಜೋಡಿಯದು. ವರ್ಷ ವರ್ಷ ಪಂಢರಪುರಕ್ಕೆ ನಡೆದು ಹೋಗುವ ಅಜ್ಜ ಒಬ್ಬರು ಇಬ್ಬರದೂ ಬೇರೆ ಬೇರೆ ಫೋಟೊ ಕೊಟ್ಟು ಹೋಗಿದ್ದರು. ಗಂಡಹೆಂಡತಿ ಬೇರೆ ಯಾಕೆಂದು ನಾನು ಜಾಣತನದಿಂದ ಎರಡನ್ನೂ ಒಂದೇ ಕಟ್ಟಿನಲ್ಲಿ ಕೂಡಿಸಿಬಿಟ್ಟೆ. ಅಜ್ಜ ಕೆಂಡವಾದರು. "ಆಕಿ ಸಿಟ್ಟು ಮಾಡಿ ಬಂದು ಕುಂತಾಳ. ಅಂವ ಹುಡಕ್ಕೊಂತ ಬಂದು ನಿಂತಾನ. ನೀ ಒಮ್ಮಿಗೇ ಕೂಡಿಸಾಕ ಯಾವೂರ ಹಿರಿಯ?" ಎಂದು ಬೈದು, ಬಿಚ್ಚಿಸಿ, ಎರಡು ಕಟ್ಟು ಮಾಡಿಸಿ, ನಡುವೆ ಒಂದು ಗೇಣು ಬಿಟ್ಟು ತೂಗುಹಾಕಿಸಿಕೊಂಡರು. ಉಸ್ತಾದರು ಮೂಲೆಯಲ್ಲಿ ಕುಳಿತು ಗಡ್ಡದೊಳಗೆ ನಗುತ್ತಿದ್ದರು.

"ಹುಡಕ್ಕೊಂತ ಬಂದಾನೇನ್ರಿ?" ಎಂದು ಬೀರಮ್ಮ ಕೇಳಿದಳು. ಹೌದೆಂದೆ. ಆಗ ಆಕೆಯ ಮಾತು ಹೊರಬಿತ್ತು.

ಊರು ಮನೂರಿನ ಕಡೆ ಒಂದು ಹಳ್ಳಿ. ಗಂಡ ಸಿದ್ದಪ್ಪ. ಬಹಳ ವರ್ಷ ಇಬ್ಬರೂ ಕೂಡಿಯೇ ಹಿಂಡು ಹೊಡೆದುಕೊಂಡು ತಿರುಗಿದವರು. ಆಮೇಲೆ ಪಕ್ಕಾ ಮನೆ ಕಟ್ಟಿದರು, ಎಮ್ಮೆ ಕಟ್ಟಿದರು, ಆಕೆಗೆ ಮೊಣಕಾಲು ನೋವೂ ಬಂತು. ಆಕೆ ಮನೆಯಲ್ಲಿ ಉಳಿದಳು, ಸಿದ್ದಪ್ಪ ಒಬ್ಬನೇ ಹಿಂಡಿನ ಜೊತೆ ತಿಂಗಳುಗಟ್ಟಲೆ ಹೋಗುತ್ತಿದ್ದ.

"ಮನಿ ಕಟ್ಟಿದ್ದೇ ತಪ್ಪಾತ್ರಿ. ಮನಿ ಇಲ್ಲದಾಗ ಕೂಡಿ ಇದ್ದೆವು" ಅಂದಳು. "ಈಗ ಬಂದಾನ. ಬಂದಾಂವ ಕುಂಟೋ ಕುರಿ ಕಾಲು ನೋಡಿದ, ನಾಯಿ ಮೈ ಸವರಿದ, ನೀರು ಕುಡದ. ಎಲ್ಲಾ ಮುಗದ ಮ್ಯಾಲ ನನ್ನ ಮಾರಿ ನೋಡಿದ. ಅವನೆದ್ರು ನಾನು ಯಾರ್ರಿ?"

ಆಕೆ ಕೊಹೀರಿಗೆ, ಅಣ್ಣನ ಮನೆಗೆ ಹೊರಟಿದ್ದಳು. ಬರುವ ಅಮಾವಾಸ್ಯೆಗೆ ಅಣ್ಣ ಹಿರಿಯರನ್ನು ಕೂಡಿಸುತ್ತಾನೆ, ಗಂಡನನ್ನು ಬಿಟ್ಟುಬಿಡುತ್ತೇನೆಂದು ಅಲ್ಲಿ ಹೇಳುತ್ತೇನೆ ಎಂದಳು. ನಮ್ಮ ಕಡೆ ಹತ್ತು ಮಂದಿಯ ನಡುವೆ ಒಮ್ಮೆ ಆ ಮಾತು ಬಾಯಿಂದ ಬಿತ್ತೆಂದರೆ ಹಿಂದಕ್ಕೆ ತೆಗೆದುಕೊಳ್ಳುವುದು ಬಹಳ ಕಷ್ಟ.

"ದೇವ್ರ ಬದಲಿ ಮಾಡೋದು ಬ್ಯಾಡ ಬಿಡ್ರಿ. ಇದರ ಗಾಜು ಬದಲಿ ಮಾಡ್ರಿ" ಅಂದಳು.

"ಗಾಜು ಒಡದಿಲ್ಲಲ್ಲ ತಂಗಿ."

"ಒಡದಿಲ್ಲ ಖರೆ. ಹಳೇದು ಕಣ್ಣಿಗಿ ಬೀಳಬಾರದು, ಅಷ್ಟ. ಫೋಟೊ ಇಲ್ಲೇ ಇರಲಿ. ನಿಮ್ಮಲ್ಲಿ ಅದ ಅಂತ ನೆರೆಮನ್ಯಾಕಿಗಿ ಹೇಳಿ ಬಂದೀನಿ. ಅಮಾಸಿ ಪೂಜಿಗಿ ಅವಂಗ ಮಲ್ಲಣ್ಣ ಬೇಕು, ಹುಡಕ್ಕೊಂತ ಬರ್ತಾನ. ಫೋಟೊ ಕೇಳಿದ್ರ ಕೊಟ್ಟು ಕಳಸ್ರಿ. ನನ್ನ ಕೇಳಿದ್ರ ಕೊಹೀರ್‍ದಾಗ ಅದಾಳ ಅನ್ರಿ. ಯಾವುದು ಕೇಳಿದಾಂತ ನನಗೊಂದು ಫೋನ್ ಹಚ್ರಿ. ನಿಮ್ಮ ಬುದ್ಧಿ ಏನೂ ಕೂಡಿಸಬ್ಯಾಡ್ರಿ."

ಕೊನೆಯ ಮಾತು ಯಾಕೆ ಸೇರಿಸಿದಳೋ. ಮುಖ ನೋಡಿದರೇ ನನ್ನ ಸ್ವಭಾವ ತಿಳಿಯುತ್ತದೇನೋ.

ಅಂದು ಸಂಜೆ ಮನೆಗೆ ಹೋಗಿ ನೀಲಮ್ಮನ ಮುಂದೆ ಕುಳಿತೆ. ಹೆಸರು, ಊರು ಹೇಳಲಿಲ್ಲ. ದೇವರ ಮಾತು ಮಾತ್ರ ಆಡಿದೆ. "ಇಷ್ಟು ವರ್ಷ ಕಟ್ಟೀನಲ್ಲ, ಒಂದು ಜೋಡಿನೂ ನೆಟ್ಟಗ ಕೂಡಿ ಇಲ್ಲ ನೋಡು. ಒಬ್ಬ ಬೆಟ್ಟದ ಮ್ಯಾಲ, ಒಬ್ಬಾಕಿ ಕೆಳಗ. ಒಬ್ಬಾಕಿ ಸಿಟ್ಟಾಗಿ ಹೋಗ್ಯಾಳ, ಒಬ್ಬಾಂವ ಅಡವಿಗಿ ಹೋಗ್ಯಾನ. ಪಾರ್ವತಿ ಅವನು ಕಣ್ಣು ತೆಗೀಲಿ ಅಂತ ತಾನೂ ತಪಕ್ಕ ಕುಂತಾಳ. ಇವರನ್ನ ಮದಿವ್ಯಾಗ ಯಾಕ ಆಯೇರಿ ಮಾಡ್ತಾರ?"

ನೀಲಮ್ಮ ರೊಟ್ಟಿ ಬಡಿಯುವುದು ನಿಲ್ಲಿಸಲಿಲ್ಲ. "ನಾ ತಾಂಡೂರಿಗಿ ಹೋದ್ರ ನೀವು ನಾಕು ದಿನ ತಡೀತಿದ್ದಿಲ್ಲ. ಗಾಜಿನ ಧಾರಣಿ ಕೇಳಾಕ ಬಂದೀನಿ ಅಂತ ಬಸ್ ಹತ್ತಿ ಬರ್ತಿದ್ರಿ. ತಾಂಡೂರಾಗ ಗಾಜಿನ ಅಂಗಡಿ ಎಲ್ಲಿತ್ತು?" ಎಂದಳು.

ಅದು ಆಕೆಗೆ ಮೊದಲಿನಿಂದಲೂ ಗೊತ್ತಿತ್ತೆಂದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಒಂದು ಮಾತೂ ಆಡಿರಲಿಲ್ಲ. ನನಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು. ತಟ್ಟೆ ಎಳೆದುಕೊಂಡು ಉಂಡೆ.

ಮಲ್ಲಣ್ಣನಿಗೆ ಹೊಸ ಗಾಜು ಹಾಕಿ ರಸ್ತೆಗೆ ಕಾಣುವಂತೆ ತೂಗುಬಿಟ್ಟೆ. ಹಳೆಯದನ್ನು ಅಟ್ಟದ ಮೇಲೆ ನಿಲ್ಲಿಸಿದೆ. ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ಹೆಗಲ ಮೇಲೆ ಕಂಬಳಿ ಇದ್ದ ಗಂಡಸು ಯಾರೇ ಬಂದರೂ ನನ್ನ ಕೈಯ ಸುತ್ತಿಗೆ ನಿಲ್ಲುತ್ತಿತ್ತು. ಆ ವಾರ ನನ್ನ ಕೆಲಸವೂ ಹದಗೆಟ್ಟಿತು. ಈಗ ಮದುಮಕ್ಕಳ ಮುಖವನ್ನೇ ರಾಧಾಕೃಷ್ಣರ ಮೈಗೆ ಕೂಡಿಸಿ ಕಂಪ್ಯೂಟರಿನಲ್ಲಿ ಫೋಟೊ ಮಾಡಿ ತರುತ್ತಾರಲ್ಲ, ಅಂಥದ್ದೊಂದನ್ನು ಕಟ್ಟುವಾಗ ಹುಡುಗಿಯ ಮುಖ ಕೃಷ್ಣನಿಗೆ, ಹುಡುಗನ ಮುಖ ರಾಧೆಗೆ ಕೂತದ್ದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಒಯ್ಯಲು ಬಂದಾಗ ಹುಡುಗ ಕೂಗಾಡಿದ. ಹುಡುಗಿ ಕೊಳಲು ತನ್ನ ಕೈಯಲ್ಲೇ ಇರಲಿ ಎಂದು ಅದನ್ನೇ ಎತ್ತಿಕೊಂಡು ನಡೆದಳು.

ಸಂತೆಯ ದಿನ ಸಿದ್ದಪ್ಪ ಬಂದ. ಹಣೆಯಲ್ಲಿ ಭಂಡಾರ, ಹೆಗಲ ಮೇಲೆ ಕರಿ ಕಂಬಳಿ, ಕೋಲು. ಎದುರಿನ ಚಹಾದಂಗಡಿಯ ಮುಂದೆ ನಿಂತು ನನ್ನ ಅಂಗಡಿಯೊಳಗಿನ ಮಲ್ಲಣ್ಣನನ್ನು ನೋಡುತ್ತಿದ್ದ. ಕುರಿ ಮೇಯಿಸುವವರು ನಿಲ್ಲುವಂತೆಯೇ, ಒಂದು ಕಾಲ ಮೇಲೆ ಭಾರ ಹಾಕಿ ಕೋಲಿಗೆ ಆತು ನಿಂತಿದ್ದ. ಕರೆಯೋಣವೆಂದು ಎರಡು ಸಲ ಎದ್ದೆ, ಬುದ್ಧಿ ಕೂಡಿಸಬೇಡಿ ಎಂದದ್ದು ನೆನಪಾಗಿ ಎರಡು ಸಲವೂ ಕುಳಿತೆ. ಸಂತೆ ಹಗುರಾದ ಮೇಲೆ ತಾನೇ ಒಳಗೆ ಬಂದ.

"ಗಾಜು ಹೊಸಾದು ಹಾಕೀರಿ" ಅಂದ.

"ಹೌದಪ್ಪ."

"ಹಳೇದು ಒಡದಿತ್ತೇನ್ರಿ?"

"ಇಲ್ಲ. ಬದಲಿ ಮಾಡ್ರಿ ಅಂದ್ಲು, ಮಾಡೀನಿ."

ತಲೆಯಾಡಿಸಿದ. ಮಲ್ಲಣ್ಣನ ಹತ್ತಿರ ಹೋಗಿ ನಿಂತ. ಇನ್ನೇನು ಫೋಟೊ ಇಳಿಸಿ ಕೊಡಿ ಅನ್ನುತ್ತಾನೆ ಎಂದು ಹೆದರಿ ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ, ಅನ್ನಬೇಡ ಮಾರಾಯ, ಅನ್ನಬೇಡ.

"ಹಳೇ ಗಾಜು ಎಲ್ಲದರೀ?" ಅಂದ.

ಅಟ್ಟದಿಂದ ಇಳಿಸಿ ಮೇಜಿನ ಮೇಲಿಟ್ಟೆ. ಬೆಳಕಿಗೆ ಹಿಡಿದು ನೋಡಿದ. "ತೊಳದಿಲ್ಲಲ್ರಿ?" ಎಂದು ಕೇಳಿದ. ಇಲ್ಲವೆಂದೆ.

"ಇದನ್ನ ನಾ ಒಯ್ಲೇನ್ರಿ?"

ನನಗೆ ತಡೆಯಲಾಗಲಿಲ್ಲ. "ಅಮಾಸಿ ಬಂತಲ್ಲೋ ಸಿದ್ದಪ್ಪ. ಫೋಟೊ ಬ್ಯಾಡೇನು?"

"ಫೋಟೊ ಆಕಿ ಇಟ್ಟಾಳ, ಆಕಿನೇ ಒಯ್ಲಿ. ನಾ ಹ್ಯಾಂಗ ಒಯ್ಲಿ?"

"ಮತ್ತ ಬರೇ ಗಾಜು ಒಯ್ದು ಏನು ಮಾಡ್ತಿ?"

ಅವನು ಗಾ‍ಜಿನ ಮೇಲೆ ಬೆರಳಿಟ್ಟು ತೋರಿಸಿದ. "ಇದು ನಾ ಒತ್ತಿದ ಭಂಡಾರ. ಇದು ಆಕಿ ಹಚ್ಚಿದ ಕುಂಕುಮ. ಇಬ್ಬರದೂ ಕೂಡಿ ಇರೋದು ಈಗ ಇದೊಂದ್ರ ಮ್ಯಾಲೇ ಅದರೀ."

ಕೊಹೀರಿಗೆ ಹೋಗಿ ಕರೆಯಬಾರದೇ ಎಂದು ಕೇಳಿದೆ. "ಹೋದ್ರ ಅವರಣ್ಣ ಅಂದೇ ಹಿರಿಯರನ್ನ ಕೂಡಿಸ್ತಾನ. ಹತ್ತು ಮಂದಿ ಮುಂದ ನನಗ ಮಾತು ಬರಾಂಗಿಲ್ರಿ. ಆಕಿ ಒಬ್ಬಾಕಿ ಇದ್ರ ಬರ್ತಾವ" ಅಂದ. ಸ್ವಲ್ಪ ತಡೆದು, "ಆಕಿ ಎದ್ರೂ ಈಗೀಗ ಬರವೊಲ್ವು. ಆರು ತಿಂಗಳು ಕುರಿ ಜೋಡಿ ಇದ್ದು ಬಂದ್ರ ಮಾರಿ ನೋಡಾಕೂ ನಾಚಿಕಿ ಆಗ್ತದ. ಮೊದಲ ಕುರಿ, ನಾಯಿ ನೋಡಿ, ಆಮ್ಯಾಲ ಧೈರ್ಯ ಮಾಡಿ ಆಕಿನ್ನ ನೋಡ್ತೀನ್ರಿ" ಅಂದ. ಗಾಜನ್ನು ಕಂಬಳಿಯಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡಂತೆ ತೋಳಿನಲ್ಲಿ ಹಿಡಿದು ನಾರಾಯಣಖೇಡದ ಬಸ್ಸಿಗೆ ಹೋದ.

ಅವನು ಹೋದ ಮೇಲೆ ಬೀರಮ್ಮನಿಗೆ ಫೋನ್ ಹಚ್ಚಿದೆ.

"ಬಂದಿದ್ದನೇನ್ರಿ? ಏನು ಕೇಳ್ದ?" ಎಂದಳು ಬೀರಮ್ಮ.

"ಬಂದಿದ್ದ ತಂಗಿ. ಫೋಟೊ ಕೇಳಲಿಲ್ಲ. ನಿನ್ನೂ ಕೇಳಲಿಲ್ಲ."

"ಮತ್ತ್ಯಾಕ ಬಂದಿದ್ದ?" ದನಿ ಗಟ್ಟಿಯಾಯಿತು.

"ಹಳೇ ಗಾಜು ಕೇಳ್ದ. ತೊಳದಿಲ್ಲಲ್ರಿ ಅಂದ. ಆಕಿ ಕುಂಕುಮ, ನನ್ನ ಭಂಡಾರ ಕೂಡಿ ಇರೋದು ಇದೊಂದ್ರ ಮ್ಯಾಲೇ ಅಂದ. ಕಂಬಳ್ಯಾಗ ಸುತ್ತಿಕೊಂಡು ಒಯ್ದ."

ಫೋನಿನಲ್ಲಿ ಎಲ್ಲೋ ಕೋಳಿ ಕೂಗುವುದು ಕೇಳಿಸಿತು. ಅವನು ನಾಚಿಕೆಯ ಮಾತು ಆಡಿದ್ದನ್ನೂ ಹೇಳಬೇಕೆಂದು ನಾಲಿಗೆ ತುರಿಸಿತು. ಅದು ಅವನೇ ಆಕೆಗೆ ಹೇಳಬೇಕಾದದ್ದು, ನಾನು ಹೇಳಿದರೆ ಹಾಳಾಗುತ್ತದೆ ಎನ್ನಿಸಿ ನುಂಗಿಕೊಂಡೆ. ಅಷ್ಟರಲ್ಲಿ ಫೋನು ಕಟ್ಟಾಯಿತು.

ಮರುದಿನ ಆಕೆ ಬರಲಿಲ್ಲ. ಅದರ ಮರುದಿನ ಅಮಾವಾಸ್ಯೆ. ನಾನು ಶಟರ್ ಎತ್ತುವ ಹೊತ್ತಿಗೆ ಬೀರಮ್ಮ ಬಟ್ಟೆಯ ಗಂಟಿನ ಸಮೇತ ಮೆಟ್ಟಿಲ ಮೇಲೆ ಕುಳಿತಿದ್ದಳು. ಹಿರಿಯರು ಏನಾದರು ಎಂದೆ. "ಬರಬ್ಯಾಡ್ರಿ ಅಂತ ಹೇಳೀನಿ. ಚಾ ಕುಡ್ಯಾಕ ಬರೋದಿದ್ರ ಬರ್ರಿ ಅಂದೀನಿ. ನಮ್ಮಣ್ಣಗ ಸಿಟ್ಟು ಬಂದದ, ಇಳೀತದ" ಅಂದಳು.

ಮಲ್ಲಣ್ಣನನ್ನು ಇಳಿಸಿ ಮೇಜಿನ ಮೇಲಿಟ್ಟೆ. ಹೊಸ ಗಾಜು ಮೂವರ ಹಣೆಯ ಮೇಲೂ ಬರಿದಾಗಿತ್ತು. ಬೀರಮ್ಮ ಸೊಂಟದ ಚೀಲದಿಂದ ಕುಂಕುಮದ ಡಬ್ಬಿ ತೆಗೆದಳು. ಉಂಗುರದ ಬೆರಳನ್ನು ಅದ್ದಿ, ಯೋಚನೆ ಮಾಡುತ್ತ ಸ್ವಲ್ಪ ತಡೆದು, ಮೊದಲು ಮೇಡಲಮ್ಮನ ಹಣೆಗೆ ಇಟ್ಟಳು. ಆಮೇಲೆ ಕೇತಮ್ಮನಿಗೆ.

ನಾನು ಏನೂ ಕೇಳಲಿಲ್ಲ. ಆದರೂ ಆಕೆಯೇ ಹೇಳಿದಳು. "ನಾ ಕುರಿ ಹಿಂದ ತಿರಗೋವಾಗ ಕೇತಮ್ಮ ನಮ್ಮಾಕಿ ಅಂತ ಬರೇ ಆಕಿಗಿ ಹಚ್ತಿದ್ದೆ. ಈಕಿ ಮನ್ಯಾಗ ಕುಂತು ಬಾಗಿಲು ಕಾದಾಕಿ. ಈಕಿ ಸಂಕಟ ಏನದ ಅಂತ ಈಗ ತಿಳೀತ್ರಿ."

ಮಲ್ಲಣ್ಣನ ಹಣೆಯನ್ನು ಹಾಗೆಯೇ ಬಿಟ್ಟಳು. "ಅದು ಅಂವ ಹಚ್ಚೋದು" ಅಂದು ಫೋಟೊ ಸುತ್ತಿಕೊಂಡು ಬಸ್ಸಿಗೆ ಓಡಿದಳು. ಮೊಣಕಾಲು ನೋವಿನ ಹೆಂಗಸು ಅಷ್ಟು ಜೋರಾಗಿ ಓಡಿದ್ದನ್ನು ನೋಡಿ ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಶಿವರಾತ್ರಿ ಬಂದರೆ ಟಿವಿಯಲ್ಲಿ ದೊಡ್ಡವರು ಕುಳಿತು ನಿಜವಾದ ಪ್ರೀತಿ ಎಂದರೇನು, ಶಿವಪಾರ್ವತಿಯರಿಂದ ಏನು ಕಲಿಯಬೇಕು ಎಂದು ಹೇಳುತ್ತಾರೆ. ಕೇಳುತ್ತೇನೆ, ತಲೆಯಾಡಿಸುತ್ತೇನೆ. ಆ ಜೋಡಿಗಳು ಅಗಲಿದ್ದನ್ನು ಅವರು ಬೇಗ ದಾಟಿ ಹೋಗುತ್ತಾರೆ ಎಂದು ಮಾತ್ರ ನನಗೆ ಅನ್ನಿಸುತ್ತದೆ. ಅಗಲಿದಾಗ ಇವನೇನು ಮಾಡಿದ, ಅವಳೇನು ಮಾಡಿದಳು ಎಂದು ಕೇಳುವ ಚಟ ನನಗೆ ಬೀರಮ್ಮನಿಂದ ಅಂಟಿತು. ಹೊಸದಾಗಿ ಈ ಕೆಲಸಕ್ಕೆ ಬರುವವರು ಯಾವ ಯಂತ್ರವನ್ನಾದರೂ ಕೊಳ್ಳಲಿ. ಗಿರಾಕಿ ಹಳೆಯ ಫೋಟೊ ತಂದಾಗ ಗಾಜಿಗೆ ಬಟ್ಟೆ ಹಾಕುವ ಮೊದಲು ಒಮ್ಮೆ ನೋಡಲಿ.

ಅಂಗಡಿ ಮುಚ್ಚುವ ಮುನ್ನ, ಸಾಮಾನೆಲ್ಲ ಅವರಿವರಿಗೆ ಹಂಚುತ್ತಿದ್ದಾಗ ಬೀರಮ್ಮ ಮತ್ತೆ ಬಂದಳು. ಕೂದಲು ಬೆಳ್ಳಗಾಗಿತ್ತು. ಅದೇ ಮಲ್ಲಣ್ಣ. "ಈ ಸಲ ಖರೇನೇ ಒಡದದರೀ, ಬೆಕ್ಕು ಕೆಡವಿತು" ಅಂದಳು. ಬಿರುಕು ಬಿಟ್ಟ ಗಾಜನ್ನು ಬೆಳಕಿಗೆ ಹಿಡಿದೆ. ಇಬ್ಬರು ಹೆಂಡಿರ ಹಣೆಯಲ್ಲೂ ಕುಂಕುಮ ಒಂದೇ ಸಮ ಕೂತಿತ್ತು. ಮಲ್ಲಣ್ಣನ ಹಣೆಯ ಭಂಡಾರವೂ ಈ ಸಲ ಮಾಸಿರಲಿಲ್ಲ. ಹೆಬ್ಬೆರಳಿನ ಅಗಲ ಗುರುತುಗಳ ಮೇಲೆಲ್ಲ ಸಣ್ಣ ದುಂಡು ಬೊಟ್ಟುಗಳಿದ್ದವು.

"ಇವು ಸಿದ್ದಪ್ಪ ಒತ್ತಿದ್ದಲ್ಲ" ಅಂದೆ.

"ಅಲ್ರಿ. ಹತ್ರದಾಗ ಮೇಸಾಕ ಹೋದ್ರ ನಾನೂ ಸಂಗಟ ಹೋಗ್ತೀನಿ. ದೂರ ಹೋದ್ರ ಅಂವ ಒಬ್ಬಾಂವೇ. ಆವಾಗ ಅವನ ಪಾಲಿನ ಭಂಡಾರ ನಾನೇ ಹಚ್ತೀನ್ರಿ."

"ಅವಂಗ ಗೊತ್ತದೇನು?"

"ಗೊತ್ತದರೀ. ಆ ಹಳೇ ಗಾಜು ಈಗ ಕುರಿ ಹಿಂದೇ ತಿರಗತದ, ಕಂಬಳ್ಯಾಗ ಸುತ್ತಿ ಇಟ್ಕೊಂಡಿರ್ತಾನ. ದಿನಾ ಮುಂಜಾನಿ ತೆಗದು, ಅಡವ್ಯಾಗ, ನನ್ನ ಪಾಲಿನ ಕುಂಕುಮ ಅದಕ್ಕ ಅಂವ ಹಚ್ತಾನ."

ನಾನು ಮಲ್ಲಣ್ಣನಿಗೆ ಹೊಸ ಗಾಜು ಕೂಡಿಸಿ, ಒಡೆದದ್ದನ್ನು ತೊಳೆಯದೆ ಕಾಗದದಲ್ಲಿ ಸುತ್ತಿ ಆಕೆಯ ಕೈಗೆ ಕೊಟ್ಟೆ.